ಸಂಧಿವಾತಕ್ಕೆ ಚಿನ್ನದ ಲವಣ: ಒಂದು ಚಿಕಿತ್ಸೆಯ ದುಷ್ಪರಿಣಾಮಗಳು

ಚಿನ್ನವು ದೇಹಕ್ಕೆ ಹಿತವೇ ಹೊರತು ಅಹಿತವಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಸುಗೂಸಿಗೆ ಜೇನಿನಲ್ಲಿ ಚಿನ್ನ ತೇದು ನೆಕ್ಕಿಸುವ ವಾಡಿಕೆಯೂ ಉಂಟು. ತುಕ್ಕು ಹಿಡಿಯದ ಲೋಹದ ವಿಷಯದಲ್ಲಿ ಈ ನಂಬಿಕೆ ಅಷ್ಟೇನೂ ಅಸಂಗತವಲ್ಲ. ಆದರೆ ಇಪ್ಪತ್ತನೆಯ ಶತಮಾನದ ವೈದ್ಯರು ರುಮಟಾಯ್ಡ್ ಸಂಧಿವಾತಕ್ಕೆ ಸೂಜಿಯ ಮೂಲಕ ಕೊಟ್ಟುದು ಲೋಹವನ್ನಲ್ಲ, ನೀರಿನಲ್ಲಿ ಕರಗುವ ಚಿನ್ನದ ಲವಣವನ್ನು. ಎರಡನ್ನೂ ಒಂದೆಂದು ಎಣಿಸಿದರೆ ಇತಿಹಾಸವೂ ಕೆಡುತ್ತದೆ, ವೈದ್ಯವೂ ಕೆಡುತ್ತದೆ.

ಈ ಚಿಕಿತ್ಸೆಯ ಮೂಲ ಒಂದು ತಪ್ಪು ಊಹೆ. ಚಿನ್ನದ ಸಯನೈಡು ಕ್ಷಯದ ಜೀವಾಣುಗಳ ಬೆಳವಣಿಗೆಯನ್ನು ಗಾಜಿನ ನಾಳದಲ್ಲಿ ತಡೆಯುವುದೆಂದು 1890ರಲ್ಲಿ ರಾಬರ್ಟ್ ಕಾಖ್ ತಿಳಿಸಿದ್ದನು. ಸಂಧಿವಾತವೂ ಕ್ಷಯದ ಬಂಧುವಿರಬೇಕೆಂದು ಭಾವಿಸಿದ ಫ್ರಾನ್ಸಿನ ಝಾಕ್ ಫೊರೆಸ್ಟಿಯೆ, ಚಿನ್ನದ ಲವಣಗಳಿಂದ ದೊರೆತ ಫಲವನ್ನು 1929ರಲ್ಲಿ ಪ್ರಕಟಿಸಿದನು. ಊಹೆ ಸುಳ್ಳಾಯಿತು, ಔಷಧ ಉಳಿಯಿತು. 1945ರಲ್ಲಿ ಗ್ಲಾಸ್ಗೋದ ಫ್ರೇಸರ್ ನಡೆಸಿದ ತುಲನಾತ್ಮಕ ಪರೀಕ್ಷೆಯಲ್ಲಿ ಗುಣವೂ ಕಂಡಿತು, ವಿಷಲಕ್ಷಣಗಳೂ ಕಂಡವು.

ಆ ಲಕ್ಷಣಗಳು ಹಲವು. ಮೊದಲು ತುರಿಕೆ, ದದ್ದು, ಬಾಯಿಹುಣ್ಣು, ನಾಲಗೆಯ ಮೇಲೆ ಲೋಹದ ರುಚಿ. ಕೆಲವರಲ್ಲಿ ಮೂತ್ರಪಿಂಡದ ಸೋಸುಪೊರೆ ಕೆಟ್ಟು ಮೂತ್ರದಲ್ಲಿ ಪ್ರೋಟೀನು ಹೋಗುತ್ತಿತ್ತು. ವೈದ್ಯರು ಎಲ್ಲಕ್ಕಿಂತ ಅಂಜುತ್ತಿದ್ದುದು ಅಸ್ಥಿಮಜ್ಜೆಯ ಹಾನಿಗೆ; ವಿರಳವಾದರೂ ಅದು ಪ್ರಾಣವನ್ನೇ ತೆಗೆಯಬಲ್ಲುದು. ಬಹುಕಾಲ ಔಷಧ ಪಡೆದವರ ಚರ್ಮ, ಬಿಸಿಲು ತಾಗುವ ಕಡೆ, ಬೂದುನೀಲಿಯಾಗುತ್ತಿತ್ತು. ಹೊಂಬಣ್ಣವನ್ನು ಹೊಗಳುವ ನಾಡಿಗೆ ಇದು ವಿಚಿತ್ರವಾಗಿ ತೋರಬಹುದು! ಆದುದರಿಂದಲೇ ಮೊದಲು 10 ಮಿಲಿಗ್ರಾಂ ಕೊಟ್ಟು ನೋಡಿ, ಬಳಿಕ ವಾರಕ್ಕೆ 50ರಂತೆ ಒಟ್ಟು ಸುಮಾರು 1 ಗ್ರಾಂ ಆಗುವವರೆಗೆ ಮುಂದುವರಿಸುವ, ನಡುನಡುವೆ ರಕ್ತ ಮೂತ್ರಗಳನ್ನು ಪರೀಕ್ಷಿಸುವ ಕ್ರಮ ಬಂದಿತು.

ಆ ವೈದ್ಯರನ್ನು ಇಂದು ಅವಿವೇಕಿಗಳೆನ್ನುವುದು ಸುಲಭ. ಆದರೆ ಆಸ್ಪಿರಿನ್ ನೋವನ್ನಷ್ಟೇ ತಗ್ಗಿಸುತ್ತಿತ್ತು. ಕೀಲುಗಳು ಸೊಟ್ಟಗಾಗುವುದನ್ನು ಅದು ತಡೆಯದು. 1949ರಲ್ಲಿ ಬೆಳಕಿಗೆ ಬಂದ ಕಾರ್ಟಿಸೋನ್ ತನ್ನದೇ ತೊಡಕುಗಳನ್ನು ತಂದಿತು. ಕೈ ಮಡಿಸಲಾರದ ರೋಗಿಯ ಮುಂದೆ ಕುಳಿತವನ ಲೆಕ್ಕಾಚಾರವೇ ಬೇರೆ.

ಹಾನಿಯ ಕಾರಣವು ರಸಾಯನಶಾಸ್ತ್ರದಲ್ಲಿದೆ. ಶರೀರವನ್ನು ಹೊಕ್ಕ ಲವಣದಿಂದ ಚಿನ್ನವು ತನ್ನ ಸಂಗಾತಿಯನ್ನು ಬಿಟ್ಟು, ಪ್ರೋಟೀನುಗಳ ಗಂಧಕವನ್ನೋ ಕಿಣ್ವಗಳ ಸೆಲೀನಿಯಮ್ಮನ್ನೋ ಹಿಡಿಯುತ್ತದೆ. ಉರಿಯೂತ ತಗ್ಗುವುದಕ್ಕೂ ಹಾನಿ ಉಂಟಾಗುವುದಕ್ಕೂ ಈ ಹಿಡಿತವೇ ಬಹುಮಟ್ಟಿಗೆ ಕಾರಣವೆಂದು ತಿಳಿಯಲಾಗಿದೆ. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ (ಹಳಬರಿಗೆ ಅದಿನ್ನೂ ಟಾಟಾ ಇನ್‌ಸ್ಟಿಟ್ಯೂಟ್) ಈ ಶತಮಾನದಲ್ಲಿ ಚಿನ್ನದ ಸಂಯುಕ್ತಗಳು ಸೆಲೀನಿಯಮ್ ಕಿಣ್ವಗಳನ್ನು ತಡೆಯುವ ಬಗೆಯ ಅಧ್ಯಯನ ನಡೆದಿದೆ.

1985ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಆರನೋಫಿನ್ ಗುಳಿಗೆಯಿಂದ ಮೂತ್ರಪಿಂಡದ ಹಾನಿ ಕಡಿಮೆಯಾಯಿತು, ಭೇದಿ ಹೆಚ್ಚಾಯಿತು, ಗುಣವೂ ಇಳಿಯಿತು. ಅದೇ ದಶಕದಲ್ಲಿ ಮೆಥೊಟ್ರೆಕ್ಸೇಟ್ ಮುಂದೆ ಬಂದಿತು. ಚಿನ್ನದ ಸೂಜಿಮದ್ದಿನ ತಯಾರಿಕೆ 2019ರಲ್ಲಿ ನಿಂತಿತು. ಕೋಲಾರದ ಗಣಿಗಳು 2001ರಲ್ಲಿಯೇ ಮುಚ್ಚಿದ್ದವು.