ಕಣ್ಣು ಹಳದಿಯಾಗದ ಕಾಮಾಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಾಮಾಲೆಗೆ ಮದ್ದು ಹೇಳುವವರಿಗೆ ಬರವಿಲ್ಲ. ಮಳೆಗಾಲ ಹಿಡಿದರೆ ಅಂಗಳದ ಅಂಚು, ತೋಟದ ಕಾಲುದಾರಿ, ಅಡಿಕೆ ಮರದ ಬುಡ ಎಲ್ಲೆಂದರಲ್ಲಿ ನೆಲನೆಲ್ಲಿ ಏಳುತ್ತದೆ. ಗೇಣುದ್ದದ ಗಿಡ, ಪುಟ್ಟ ಪುಟ್ಟ ಎಲೆ. ಕಡ್ಡಿ ಮಗುಚಿದರೆ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪದ ಹಸಿರು ಕಾಯಿಗಳ ಸಾಲು. ಬೇರು ಸಮೇತ ಕಿತ್ತು, ತೊಳೆದು, ಅರೆದು, ಹಾಲಿಗೋ ಮಜ್ಜಿಗೆಗೋ ಕದಡಿ ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಜೊತೆಗೆ ಎಣ್ಣೆ, ಖಾರ ಬಿಟ್ಟು ಪಥ್ಯ. ಕೆಲವು ವಾರಗಳಲ್ಲಿ ಕಣ್ಣು ತಿಳಿಯಾಗುತ್ತದೆ, ಮದ್ದಿಗೆ ಹೆಸರು ಬರುತ್ತದೆ.

ಆದರೆ ಮಳೆಗಾಲದ ಕಾಮಾಲೆಯಲ್ಲಿ ಹೆಚ್ಚಿನ ಪಾಲು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳದ್ದು. ಗರ್ಭಿಣಿಯರಿಗೆ ಇ ವೈರಸ್ ಅಪಾಯಕಾರಿ ಎಂಬುದನ್ನು ಬಿಟ್ಟರೆ, ಮದ್ದು ಕುಡಿದರೂ ಕುಡಿಯದಿದ್ದರೂ ಬಹುತೇಕರ ದೇಹ ಇವನ್ನು ತಾನಾಗಿಯೇ ಹೊರಹಾಕುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ಹಾಗಲ್ಲ. ರಕ್ತ, ಲೈಂಗಿಕ ಸಂಪರ್ಕ, ಹೆರಿಗೆಯ ಹೊತ್ತು ಇವುಗಳ ದಾರಿ. ಒಮ್ಮೆ ನೆಲೆಯೂರಿದರೆ ದಶಕಗಟ್ಟಲೆ ಲಿವರ್‌ನಲ್ಲಿ ಸದ್ದಿಲ್ಲದೆ ಕೂರುತ್ತವೆ. ಇಂಥವರಲ್ಲಿ ಬಹಳಷ್ಟು ಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಆಗುವ ಹೊತ್ತಿಗೆ ಲಿವರ್ ಗಂಟುಗಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿರಲೂಬಹುದು.

ಅದೇ ದೇಹದಲ್ಲಿ ಎಚ್‌ಐವಿಯೂ ಇದ್ದರೆ ಈ ಹಾನಿ ಇನ್ನೂ ಬೇಗ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಜಗತ್ತಿನಲ್ಲಿ ಎಚ್‌ಐವಿ ಇರುವವರ ಪೈಕಿ ನೂರಕ್ಕೆ ಸುಮಾರು ಏಳು ಮಂದಿಗೆ ಬಿ ವೈರಸ್ಸೂ ಇದೆ. ಇದರಲ್ಲಿ ಅಚ್ಚರಿಯೇನಿಲ್ಲ, ಎರಡೂ ಸಾಗುವ ಹಾದಿ ಒಂದೇ. ಅದರಲ್ಲೂ ಬಿ ವೈರಸ್ ಬಲು ಗಟ್ಟಿ: ದೇಹದ ಹೊರಗೆ ಏಳು ದಿನವಾದರೂ ಜೀವ ಹಿಡಿದುಕೊಂಡಿರಬಲ್ಲದು. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ಅಂಟುವ ಸಂಭವ ಸಾವಿರಕ್ಕೆ ಮೂರು. ಲಸಿಕೆ ಪಡೆಯದವರಿಗೆ ಬಿ ಅಂಟುವ ಸಂಭವ ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ.

ಮಣಿಪುರದಲ್ಲಿ ಮಾದಕ ವಸ್ತುವಿನ ಸೂಜಿ ಹಂಚಿಕೊಂಡವರಲ್ಲಿ ಎಚ್‌ಐವಿಯ ಜೊತೆ ಸಿ ವೈರಸ್ ಹೆಚ್ಚು. ಕರ್ನಾಟಕದಲ್ಲಿ ಎಚ್‌ಐವಿ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡಿದ್ದರಿಂದ ಇಲ್ಲಿ ಮೊದಲು ಕೇಳಬೇಕಾದದ್ದು ಬಿಯ ಮಾತು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಸಾಗುವಂಥ ಹೆದ್ದಾರಿಗಳ ಲಾರಿ ಚಾಲಕರನ್ನು ಏಡ್ಸ್ ನಿಯಂತ್ರಣ ಕಾರ್ಯಕ್ರಮ ಮೊದಲಿನಿಂದಲೂ ವಿಶೇಷವಾಗಿ ಗಮನಿಸುತ್ತ ಬಂದಿದೆ. ಅವರ ಕೈಗೆ ಕೊಟ್ಟ ನಿರೋಧ್ ಎರಡೂ ವೈರಸ್‌ಗಳನ್ನು ತಡೆಯುತ್ತದೆ.

ಎರಡೂ ಸೇರಿದರೆ ಆಗುವ ಹಾನಿಯನ್ನು ಅಮೆರಿಕದ ಒಂದು ದೀರ್ಘ ಅಧ್ಯಯನ ಲೆಕ್ಕ ಹಾಕಿ ತೋರಿಸಿತು. ಸಲಿಂಗಿ ಗಂಡಸರು ಸೇರಿದ್ದ ಆ ಅಧ್ಯಯನದ 5,293 ಮಂದಿಯ ವಿವರ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಿ ಮಾತ್ರ ಇದ್ದವರಲ್ಲಿ ಲಿವರ್ ಕಾಯಿಲೆಯ ಸಾವು ವರ್ಷಕ್ಕೆ ಸಾವಿರಕ್ಕೆ 0.8, ಎಚ್‌ಐವಿ ಮಾತ್ರ ಇದ್ದವರಲ್ಲಿ 1.7. ಎರಡೂ ಇದ್ದವರಲ್ಲಿ 14.2.

ಇಷ್ಟು ಜೋರಾಗಿ ಕೈಜೋಡಿಸುವ ಈ ಎರಡಕ್ಕೆ ಸಮಾನವಾದ ಒಂದು ದೌರ್ಬಲ್ಯವೂ ಇದೆ. ವೈರಸ್ ಕುಲದಲ್ಲಿ ಇವು ದೂರದವು, ಆದರೂ ತಮ್ಮ ಪ್ರತಿ ತೆಗೆಯಲು ಎರಡಕ್ಕೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಬಗೆಯ ಕಿಣ್ವ ಬೇಕು. ಆ ಕಿಣ್ವವನ್ನು ಕಟ್ಟಿಹಾಕುವ ಟೆನೊಫೊವಿರ್ ಎರಡನ್ನೂ ಅಡಗಿಸುತ್ತದೆ. ಭಾರತದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಗಳಲ್ಲಿ ಈಗ ಉಚಿತವಾಗಿ ಕೊಡುವ ಮಾತ್ರೆಯಲ್ಲಿ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತವೆ. ಮೊದಲ ಎರಡು ಬಿ ವೈರಸ್‌ಗೂ ಮದ್ದು. ದಿನಕ್ಕೊಂದು ಮಾತ್ರೆ, ಎರಡು ಕೆಲಸ.

ಮೊದಲು ಹೀಗಿರಲಿಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎಚ್‌ಐವಿ ಚಿಕಿತ್ಸೆ ಆರಂಭಿಸಿದಾಗ ಕೊಡುತ್ತಿದ್ದ ಮುಖ್ಯ ಜೋಡಣೆಯಲ್ಲಿ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಇದ್ದವು. ಇವುಗಳಲ್ಲಿ ಬಿ ವೈರಸ್ಸನ್ನು ಎದುರಿಸುವುದು ಲ್ಯಾಮಿವುಡಿನ್ ಒಂದೇ. ಒಂಟಿಯಾಗಿ ಕೊಟ್ಟರೆ ಎರಡೂ ಸೋಂಕಿರುವವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯ ಬಿ ವೈರಸ್ ನಾಲ್ಕು ವರ್ಷದೊಳಗೆ ಅದನ್ನು ಲೆಕ್ಕಿಸದಂತಾಗುತ್ತದೆ. ನೆವಿರಪಿನ್ ಅಂತೂ ಲಿವರ್‌ಗೇ ಪೆಟ್ಟು ಕೊಡಬಲ್ಲ ಔಷಧ.

ಟೆನೊಫೊವಿರ್ ಸಹ ಬಿ ವೈರಸ್ಸನ್ನು ಬೇರು ಸಹಿತ ಕೀಳುವುದಿಲ್ಲ. ಲಿವರ್ ಕೋಶಗಳ ನ್ಯೂಕ್ಲಿಯಸ್ಸಿನೊಳಗೆ ವೈರಸ್ಸಿನ ಡಿಎನ್‌ಎ ಉಂಗುರದಂತೆ ಸುತ್ತಿಕೊಂಡು ಉಳಿಯುತ್ತದೆ. ಕತ್ತಿಯಿಂದ ಸವರಿದ ಕಳೆಯ ಗಡ್ಡೆ ತೋಟದ ಮಣ್ಣಲ್ಲಿ ಉಳಿದ ಹಾಗೆ. ಮಾತ್ರೆ ನಿಲ್ಲಿಸಿದರೆ ವೈರಸ್ ಮತ್ತೆ ಚಿಗುರಿ ಲಿವರ್ ಒಮ್ಮೆಲೇ ಊದಿಕೊಳ್ಳಬಹುದು. ಕೆಲವರಿಗೆ ಅದು ಪ್ರಾಣಕ್ಕೇ ಬರುತ್ತದೆ. ಔಷಧ ಬದಲಿಸುವಾಗಲೂ ಇದೇ ಎಚ್ಚರ ಬೇಕು. ಎರಡು ತಿಂಗಳಿಗೊಮ್ಮೆ ಚುಚ್ಚುವ ಕ್ಯಾಬೊಟೆಗ್ರಾವಿರ್–ರಿಲ್ಪಿವಿರಿನ್ ಎಚ್‌ಐವಿಯನ್ನು ಹಿಡಿದಿಡುತ್ತದೆ, ಬಿ ವೈರಸ್ಸನ್ನು ಮುಟ್ಟುವುದಿಲ್ಲ.

ಮಾತ್ರೆ ನಿಲ್ಲಲು ಕಾರಣವಾಗುವ ಎರಡು ಸಂದರ್ಭಗಳಿವೆ. ಸಣ್ಣ ಊರಲ್ಲಿ ಗುರುತಿನವರು ಕಂಡಾರು ಎಂಬ ಅಳುಕಿನಿಂದ ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಪೇಟೆಗೆ ಹೋಗುವವರಿದ್ದಾರೆ; ಮಳೆ, ತೋಟದ ಕೆಲಸ, ಬಸ್ಸಿನ ತಾಪತ್ರಯದಲ್ಲಿ ಒಂದು ತಿಂಗಳ ಮಾತ್ರೆ ತಪ್ಪುತ್ತದೆ. ಇನ್ನೊಂದು ತುಸು ವಿಚಿತ್ರ. ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ರೋಗನಿರೋಧಕ ಶಕ್ತಿ ಮರಳುತ್ತಿದ್ದಂತೆ ಅದು ಲಿವರ್‌ನಲ್ಲಿರುವ ವೈರಸ್ ಮೇಲೆ ಎರಗುತ್ತದೆ. ಆಗ ಕಣ್ಣು ಹಳದಿಯಾಗಬಹುದು. ‘ಉಷ್ಣದ ಮಾತ್ರೆ, ಕಾಮಾಲೆ ಬಂತು’ ಎಂದು ಅದನ್ನು ಬದಿಗಿಟ್ಟು ಗಾಂವಠಿ ಔಷಧಕ್ಕೆ ಹೋದರೆ ಎರಡೂ ವೈರಸ್‌ಗಳಿಗೆ ಬಿಡುವು ಸಿಕ್ಕಂತೆ. ಇದು ಔಷಧದ ಅಡ್ಡ ಪರಿಣಾಮವೋ, ವೈರಸ್ ಜೊತೆಗಿನ ಕಾದಾಟವೋ, ಕ್ಷಯವೂ ಇದ್ದರೆ ಅದರ ಮಾತ್ರೆಗಳ ಕಾಟವೋ ಎಂದು ತೀರ್ಮಾನಿಸಲು ರಕ್ತ ಪರೀಕ್ಷೆ ಬೇಕು.

ಹಾಗಾದರೆ ನೆಲನೆಲ್ಲಿ ಬರೀ ನಂಬಿಕೆಯೇ? ವಿಜ್ಞಾನ ಅದನ್ನು ತಾತ್ಸಾರ ಮಾಡಿದ್ದಿಲ್ಲ. ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಸ್ವತಃ ಈ ಗಿಡದ ಮೇಲೆ ಕೆಲಸ ಮಾಡಿದರು. ಮದ್ರಾಸಿನ ಎಸ್‌.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 30 ದಿನ ನೆಲನೆಲ್ಲಿ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಬಿ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಮಾತ್ರೆ ತಿಂದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಜಗತ್ತೇ ಕಿವಿ ನಿಮಿರಿಸಿತು. ಆದರೆ ಥಾಯ್ಲೆಂಡ್ ಮುಂತಾದೆಡೆ ಮತ್ತೆ ಪರೀಕ್ಷಿಸಿದಾಗ ಆ ಫಲ ಕೈಗೆ ಸಿಗಲಿಲ್ಲ. 2011ರಲ್ಲಿ ಎಲ್ಲ ಪ್ರಯೋಗಗಳನ್ನೂ ಒರೆಗೆ ಹಚ್ಚಿದ ಕೊಕ್ರೇನ್ ವಿಮರ್ಶೆಗೂ ಹುಸಿ ಮಾತ್ರೆಗಿಂತ ಇದು ಮೇಲು ಎನ್ನಲು ಗಟ್ಟಿ ಪುರಾವೆ ಕಾಣಲಿಲ್ಲ. ಊಟಕ್ಕೆ ನೆಲನೆಲ್ಲಿ ತಂಬುಳಿ ಇರಲಿ, ಎಆರ್‌ಟಿ ಮಾತ್ರೆಯ ಜಾಗಕ್ಕೆ ಅದು ಬರಲಾರದು. ಬೇರೆ ಯಾವ ಔಷಧ ನಡೆಯುತ್ತಿದ್ದರೂ ಡಾಕ್ಟರಿಗೆ ಹೇಳುವುದು ಒಳ್ಳೆಯದು.

ಸಿ ವೈರಸ್ಸಿನ ಕತೆ ಚಿಕ್ಕದು ಮತ್ತು ಸಮಾಧಾನದ್ದು. ಸೊಫೊಸ್ಬುವಿರ್, ಡಕ್ಲಾಟಸ್ವಿರ್ ಎಂಬ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ನುಂಗಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ, ಎಚ್‌ಐವಿ ಇದ್ದವರೂ ಸೇರಿ. ಕೆಲವು ಎಚ್‌ಐವಿ ಔಷಧಗಳ ಜೊತೆ ಡಕ್ಲಾಟಸ್ವಿರ್ ಪ್ರಮಾಣ ಹೊಂದಿಸಿಕೊಳ್ಳಬೇಕಷ್ಟೇ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡರ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಬಿ ವೈರಸ್ಸಿನ ಮೊದಲ ಪರೀಕ್ಷೆ ಸರಳ. ಬೆರಳುದ್ದದ ಕಾರ್ಡಿನ ಕುಳಿಗೆ ರಕ್ತದ ಹನಿ ಬಿಟ್ಟು ಕಾಲು ಗಂಟೆ ಕಾದರೆ ಒಂದು ಗೆರೆಯೋ ಎರಡೋ ಮೂಡುತ್ತದೆ. ಎರಡು ಮೂಡಿದರೆ ಮುಂದಿನ ಪರೀಕ್ಷೆಗಳು. ಜೊತೆಗೆ ಗಂಡ ಅಥವಾ ಹೆಂಡತಿಗೂ ಮಕ್ಕಳಿಗೂ ಕಾರ್ಡು. ಒಂದೇ ಗೆರೆ ಬಂದು, ಹಿಂದೆ ಲಸಿಕೆ ಆಗಿರದಿದ್ದರೆ ಲಸಿಕೆ. ಎಚ್‌ಐವಿ ಇರುವವರ ದೇಹ ಲಸಿಕೆಗೆ ಮಂದವಾಗಿ ಸ್ಪಂದಿಸುವುದರಿಂದ ದುಪ್ಪಟ್ಟು ಪ್ರಮಾಣ ಕೊಟ್ಟು, ಒಂದೆರಡು ತಿಂಗಳ ಮೇಲೆ ರಕ್ಷಣೆ ಬಂದಿದೆಯೇ ಎಂದು ನೋಡುವ ಕ್ರಮವಿದೆ. ಬಸುರಿಯರಿಗೆ ಎಚ್‌ಐವಿಯ ಜೊತೆಯಲ್ಲೇ ಬಿ ಪರೀಕ್ಷೆ ಆಗಬೇಕು. ಶೈಶವದಲ್ಲಿ ಬಿ ಅಂಟಿದರೆ ನೂರಕ್ಕೆ ತೊಂಬತ್ತೈದು ಮಕ್ಕಳಲ್ಲಿ ಅದು ಬಹುಕಾಲ ಉಳಿಯುತ್ತದೆ, ದೊಡ್ಡವರಲ್ಲಿ ಐದಕ್ಕಿಂತ ಕಡಿಮೆ. ಅದಕ್ಕೇ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು, ಆಮೇಲೆ 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್. ತಾಯಿಯಲ್ಲಿ ಬಿ ಇದ್ದರೆ ಮಗುವಿನ ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೊಡುತ್ತಾರೆ.