ಹೊತ್ತು ಮುಳುಗಿದ ಮೇಲೆ ಮ್ಯಾಡ್ರಿಡ್

ಕನ್ನಡದಲ್ಲಿ ಸೂರ್ಯನಿಗೂ ಕಾಲಕ್ಕೂ ‘ಹೊತ್ತು’ ಎಂಬುದು ಒಂದೇ ಮಾತು. ಹೊತ್ತು ಹುಟ್ಟಿತೆಂದರೆ ಕೆಲಸಕ್ಕೆ ಆರಂಭ, ಹೊತ್ತು ಮುಳುಗಿತೆಂದರೆ ಮನೆಗೆ ಮರಳುವ ಸಮಯ, ಅದನ್ನು ಮೀರಿ ತಿರುಗುವವನಿಗೆ ‘ಅಪರಾತ್ರಿಯಲ್ಲಿ ಎಲ್ಲಿಗೆ ಹೋಗಿದ್ದೆ?’ ಎಂಬ ಹಿರಿಯರ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ಇಂಥ ಸಂಸ್ಕಾರದಲ್ಲಿ ಬೆಳೆದವರು ಸ್ಪೇನಿನ ರಾಜಧಾನಿಯಾದ ಮ್ಯಾಡ್ರಿಡ್ಡಿಗೆ ಹೋಗಿ, ಸಂಜೆ ಏಳಕ್ಕೆಲ್ಲ ಹಸಿದು ಭೋಜನಶಾಲೆಯೊಂದನ್ನು ಹೊಕ್ಕರೆ, ಬರಿದಾದ ಕುರ್ಚಿಗಳನ್ನೋ, ಒಲೆ ಹಚ್ಚುವುದಕ್ಕೆ ಇನ್ನೂ ವೇಳೆಯಿದೆಯೆಂಬ ಉತ್ತರವನ್ನೋ ಎದುರಿಸಿ ಬೆರಗಾಗುವುದು ಸಹಜವೇ. ಅಲ್ಲಿ ರಾತ್ರಿಯೂಟಕ್ಕೆ ಒಂಬತ್ತು ಗಂಟೆಯೆಂದರೆ ಬೇಗ. ಹತ್ತು ಎಂದರೆ ಸಕಾಲ.

ಇದನ್ನು ಆಲಸ್ಯವೆಂದೋ ಭೋಗಲಾಲಸೆಯೆಂದೋ ನಿರ್ಣಯಿಸುವ ಮುನ್ನ ಭೂಪಟವನ್ನೊಮ್ಮೆ ನೋಡುವುದು ಒಳ್ಳೆಯದು. ಮ್ಯಾಡ್ರಿಡ್ ಗ್ರೀನಿಚ್ ರೇಖೆಗಿಂತಲೂ ಪಶ್ಚಿಮಕ್ಕಿರುವ ನಗರ. ನ್ಯಾಯವಾಗಿ ಅದರ ಗಡಿಯಾರವು ಲಂಡನ್ನಿನ ಗಡಿಯಾರದೊಡನೆಯೇ ನಡೆಯಬೇಕಾಗಿತ್ತು. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರವು ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ದೇಶವನ್ನು ಮಧ್ಯ ಯೂರೋಪಿನ ಕಾಲಮಾನಕ್ಕೆ ಸೇರಿಸಿತು; ಮಹಾಯುದ್ಧ ಮುಗಿದರೂ ಆ ಏರ್ಪಾಡು ಹಾಗೆಯೇ ಉಳಿಯಿತು. ಬೇಸಿಗೆಯಲ್ಲಿ ಮತ್ತೊಂದು ಗಂಟೆ ಅದಕ್ಕೆ ಕೂಡುವುದರಿಂದ, ಸೂರ್ಯನು ನೆತ್ತಿಯ ಮೇಲೆ ಬರುವಾಗ ಗಡಿಯಾರದಲ್ಲಿ ಎರಡು ದಾಟಿರುತ್ತದೆ. ಜೂನ್ ತಿಂಗಳಲ್ಲಿ ಅವನು ಅಸ್ತಮಿಸುವ ವೇಳೆಗೆ ಒಂಬತ್ತೂಮುಕ್ಕಾಲು. ಹತ್ತಕ್ಕೆ ಊಟಕ್ಕೆ ಕೂರುವ ಮ್ಯಾಡ್ರಿಡ್ಡಿನವನು, ಸೂರ್ಯನನ್ನೇ ಸಾಕ್ಷಿಗೆ ಕರೆದರೆ, ಎಂಟು ಹೊಡೆಯುವ ಮುನ್ನವೇ ಎಲೆಯ ಮುಂದೆ ಕುಳಿತಂತಾಯಿತು! ನಾವು ಒಂದೇ ಮಾತಿನಲ್ಲಿ ಕಟ್ಟಿಟ್ಟ ಸೂರ್ಯನೂ ಕಾಲವೂ ಅಲ್ಲಿ ಬೇರೆಬೇರೆಯಾಗಿವೆ; ಅವೆರಡರ ನಡುವಣ ಅಂತರದಲ್ಲಿಯೇ ಆ ನಗರದ ರಾತ್ರಿಯ ಸೊಗಸೆಲ್ಲ ಅಡಗಿದೆ.

ಆದಕಾರಣ ಪ್ರವಾಸಿಯು ಮೊದಲು ಮಾಡತಕ್ಕ ಕೆಲಸವೆಂದರೆ, ಮಧ್ಯಾಹ್ನದ ಊಟವನ್ನು ಎರಡೂವರೆಗೆ ಮುಂದೂಡಿ, ಅನಂತರ ಒಂದು ಗಳಿಗೆ ಕಣ್ಣುಮುಚ್ಚಿ ವಿಶ್ರಮಿಸುವುದು. ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರರಿಂದ ಎಂಟರ ತನಕ ಪ್ರಾದೊ ಚಿತ್ರಶಾಲೆಗೆ ಪ್ರವೇಶಶುಲ್ಕವಿಲ್ಲ. ಸಾಲಿನಲ್ಲಿ ನಿಲ್ಲುವ ತಾಳ್ಮೆ ಮಾತ್ರ ಬೇಕು. ಅಷ್ಟು ದೊಡ್ಡ ಸಂಗ್ರಹವನ್ನೆಲ್ಲ ನೋಡಿ ಮುಗಿಸುವ ಹಂಬಲವನ್ನು ತೊರೆದು, 1656ರಲ್ಲಿ ವೆಲಾಸ್ಕೆಸ್ ರಚಿಸಿದ ‘ಲಾಸ್ ಮೆನಿನಾಸ್’ ಪಟವೊಂದರ ಮುಂದೆ ನಿಂತು, ಪಟದೊಳಗಿನಿಂದ ಕುಂಚ ಹಿಡಿದು ನಮ್ಮನ್ನೇ ದಿಟ್ಟಿಸುವ ಆ ಚಿತ್ರಕಾರನನ್ನು ನೋಡಿ ಬಂದರೂ ಸಂಜೆ ಸಾರ್ಥಕ. ಅಲ್ಲಿಂದ ಊರಿನ ಪಶ್ಚಿಮದ ದಿಬ್ಬಕ್ಕೆ ಹೋದರೆ ದೆಬೋದ್ ದೇವಾಲಯ. ಆಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಈ ಪುರಾತನ ಗುಡಿಯನ್ನು, ತನ್ನ ಸ್ಮಾರಕಗಳ ರಕ್ಷಣೆಗೆ ಸ್ಪೇನ್ ನೀಡಿದ ನೆರವಿಗೆ ಪ್ರತಿಯಾಗಿ, ಈಜಿಪ್ಟ್ 1968ರಲ್ಲಿ ದಾನವಾಗಿ ಕೊಟ್ಟಿತು. ಕಲ್ಲುಕಲ್ಲಾಗಿ ತಂದು ಕಟ್ಟಿದ ಗುಡಿಯನ್ನು 1972ರಲ್ಲಿ ಜನರ ದರ್ಶನಕ್ಕೆ ತೆರೆಯಲಾಯಿತು. ನೈಲ್ ತೀರದ ಆ ಕಲ್ಲಿನ ದ್ವಾರಗಳ ಹಿಂದೆ ಸೂರ್ಯನು ಇಳಿಯುವುದನ್ನು ನೋಡಲು ಊರಿನವರೂ ಪರಸ್ಥಳದವರೂ ಹುಲ್ಲಿನ ಮೇಲೆ ಒಟ್ಟಾಗಿ ಕೂರುತ್ತಾರೆ.

ಇನ್ನು ಊಟದ ವಿಚಾರ. ಒಂದೆಡೆ ಕುಳಿತು ಹೊಟ್ಟೆ ತುಂಬಿಸುವುದು ಅಲ್ಲಿಯ ಜಾಣತನವಲ್ಲ. ಲಾ ಲತೀನಾ ಬಡಾವಣೆಯ ‘ಕಾವಾ ಬಾಹಾ’ ಎಂಬ ಇಕ್ಕಟ್ಟಾದ ಬೀದಿಯಲ್ಲಿ ಒಂದಕ್ಕೊಂದು ಒತ್ತಿಕೊಂಡಿರುವ ಅಂಗಡಿಗಳ ಕಟ್ಟೆಗೆ ಮೊಳಕೈ ಊರಿ ನಿಂತು, ಇಲ್ಲೊಂದು ತಟ್ಟೆ, ಮುಂದಿನ ಬಾಗಿಲಲ್ಲಿ ಇನ್ನೊಂದು ತಟ್ಟೆ ಎಂದು ಸಾಗುವುದೇ ‘ತಾಪಾಸ್’ ಸಂಪ್ರದಾಯ. ಮದ್ಯವನ್ನೊಲ್ಲದವರಿಗೆ ‘ಮೋಸ್ತೊ’ ಎಂಬ ಹುಳಿಯದ ದ್ರಾಕ್ಷಾರಸವುಂಟು. ಸಸ್ಯಾಹಾರಿಗಳು ‘ಹಾಮೋನ್’, ಎಂದರೆ ಉಪ್ಪಿನಲ್ಲಿ ಒಣಗಿಸಿದ ಹಂದಿಮಾಂಸ, ಬೇಡವೆಂದು ಹೆಸರು ಹಿಡಿದು ಹೇಳುವುದು ಕ್ಷೇಮ. ಅವರಿಗೆ ಒಪ್ಪುವ ತಿನಿಸೆಂದರೆ ಪಾದ್ರೋನ್ ಮೆಣಸಿನಕಾಯಿ: ಹೆಬ್ಬೆರಳಷ್ಟುದ್ದದ ಹಸಿರು ಕಾಯಿಗಳನ್ನು ಎಣ್ಣೆಯಲ್ಲಿ ಸಿಪ್ಪೆ ಸುಕ್ಕುಗಟ್ಟುವಂತೆ ಬಾಡಿಸಿ, ಮೇಲೆ ಹರಳುಪ್ಪು ಉದುರಿಸಿ ತಂದಿಡುತ್ತಾರೆ, ಬಹುಪಾಲು ಸೌಮ್ಯ, ಎಲ್ಲೋ ಒಂದು ಮಾತ್ರ ನಾಲಗೆಯನ್ನು ಸುಡುವಂಥದ್ದು, ಅದು ಯಾರ ಪಾಲಿಗೆ ಬಂದೀತೆಂಬುದೇ ಮೇಜಿನ ಸುತ್ತಲಿನವರಿಗೆಲ್ಲ ವಿನೋದ.

ಹೊಟ್ಟೆ ತಣಿದ ಮೇಲೆ ನಡೆ. ಮೂರನೆಯ ಫಿಲಿಪ್ ದೊರೆಯ ಕಾಲದಲ್ಲಿ, 1619ರಲ್ಲಿ, ಮುಗಿದ ‘ಪ್ಲಾಸಾ ಮಯೋರ್’ ಚೌಕವು ಹತ್ತಿರದಲ್ಲೇ ಇದೆ. ಅಲ್ಲಿ ಕುಡಿದ ಕಾಫಿಗೆ ಹಿಂದಿನ ಬೀದಿಗಿಂತ ಹೆಚ್ಚು ತೆರಬೇಕಾದೀತು, ಆದರೆ ಕಮಾನುಗಳ ಕೆಳಗೆ ಅಡ್ಡಾಡುವುದಕ್ಕೆ ಬೆಲೆಯಿಲ್ಲ. ಬೇಸಿಗೆಯಲ್ಲಿ ಹನ್ನೊಂದರ ಸಮಯದಲ್ಲೂ ಅಜ್ಜಿಯರು ಬೆಂಚುಗಳ ಮೇಲೆ ಹರಟುತ್ತಿರಲು, ಮೊಮ್ಮಕ್ಕಳು ಚೆಂಡಾಡುವ ದೃಶ್ಯವು ಆ ರಾತ್ರಿ ಕುಡಿತದ ರಾತ್ರಿಯಷ್ಟೇ ಅಲ್ಲ, ಕುಟುಂಬದ ರಾತ್ರಿಯೂ ಹೌದೆಂಬುದನ್ನು ತಿಳಿಸುತ್ತದೆ. ಜೇಬುಗಳ್ಳರ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅವಶ್ಯ.

ನಡುರಾತ್ರಿಯಿಂದ ನಸುಕಿನವರೆಗಿನ ವೇಳೆಗೆ ಸ್ಪೇನಿನವರು ‘ಮದ್ರುಗಾದಾ’ ಎನ್ನುತ್ತಾರೆ; ನಮ್ಮ ‘ಅಪರಾತ್ರಿ’ಯಲ್ಲಿರುವ ಆಕ್ಷೇಪಣೆಯ ಧ್ವನಿ ಅದರಲ್ಲಿಲ್ಲ. ಒಂದೂವರೆಗೆ ಮೆಟ್ರೋ ನಿಂತರೆ, ‘ಗೂಬೆ’ಗಳೆಂದು ಜನ ಕರೆಯುವ ರಾತ್ರಿ ಬಸ್ಸುಗಳು ಸಿಬೇಲೆಸ್ ಚೌಕದಿಂದ ಹೊರಡುತ್ತವೆ. ವಿಹಾರ ಮುಗಿಸಿದವರಿಗೆ ಚುರ್ರೊ ತಿನ್ನದೆ ಮನೆ ಸೇರುವುದು ಒಗ್ಗದು. 1894ರಿಂದ ನಡೆದುಬಂದಿರುವ ಸಾನ್ ಹಿನೇಸ್ ಅಂಗಡಿ ಇದಕ್ಕೆ ಹೆಸರುವಾಸಿ. ಹಿಟ್ಟನ್ನು ನಕ್ಷತ್ರಾಕಾರದ ಬಿಲ್ಲೆಯ ಮೂಲಕ, ನಮ್ಮ ಚಕ್ಕುಲಿ ಒರಳಿನಲ್ಲಿ ಒತ್ತಿದಂತೆಯೇ, ಕಾದ ಎಣ್ಣೆಗೆ ಒತ್ತಿ ಕರಿದ ಈ ಕಡ್ಡಿಗಳನ್ನು ಗಂಜಿಯಷ್ಟು ಮಂದವಾದ ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ.

ಅಲ್ಲಿಂದ ನಾಲ್ಕು ಹೆಜ್ಜೆಗೆ ನಗರದ ನಡುಮಧ್ಯವಾದ ‘ಪುಯೆರ್ತಾ ದೆಲ್ ಸೋಲ್’, ಎಂದರೆ ಸೂರ್ಯದ್ವಾರ. ವರ್ಷದ ಕೊನೆಯ ರಾತ್ರಿ ಜನರು ಹನ್ನೆರಡು ಪೆಟ್ಟಿಗೆ ಹನ್ನೆರಡು ದ್ರಾಕ್ಷಿ ತಿನ್ನುವುದು ಇಲ್ಲಿಯ ಗೋಪುರದ ಗಡಿಯಾರವನ್ನು ನೋಡಿಕೊಂಡೇ. ಬೆಳಗಿನ ಆರಕ್ಕೆ ಮೆಟ್ರೋ ತೆರೆದಾಗ, ಮನೆಗೆ ಹೋಗುವವರು ಮೆಟ್ಟಿಲಿಳಿಯುತ್ತಾರೆ, ಕೆಲಸಕ್ಕೆ ಬಂದವರು ಮೆಟ್ಟಿಲೇರುತ್ತಾರೆ. ಗೋಪುರದಲ್ಲಿ ಆರು ಹೊಡೆದಿರುತ್ತದೆ, ಹೊತ್ತು ಮಾತ್ರ ಇನ್ನೂ ಹುಟ್ಟಿರುವುದಿಲ್ಲ.