ಟೆಲ್ಯುರೈಡ್: ಶಬ್ದದ ಅರ್ಥ ಮತ್ತು ಮೂಲ

ಭೀಮಾತೀರದ ಅಫಜಲಪುರ ತಾಲೂಕಿನ ಸೊನ್ನ ಗ್ರಾಮದ ಹೆಸರು ಕೇಳಿದೊಡನೆ ಶಬ್ದಾಸಕ್ತರಿಗೆ ಹಳೆಯ ‘ಸೊನ್ನ’ ಶಬ್ದ ನೆನಪಾಗುವುದು ಸಹಜ. ಅದು ‘ಸ್ವರ್ಣ’ದ ತದ್ಭವ, ಅರ್ಥ ಚಿನ್ನ. ಊರಿನ ಹೆಸರು ಅದರಿಂದಲೇ ಬಂದಿತೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಚಿನ್ನದೊಡನೆ ಕೂಡಿ ಅದರ ಗುರುತನ್ನೇ ಮರೆಸುವ ಒಂದು ಧಾತುವಿನ ಹೆಸರನ್ನು ವಿವೇಚಿಸುವುದಷ್ಟೇ ಉದ್ದೇಶ. (‘ಧಾತು’ ವ್ಯಾಕರಣದಲ್ಲಿಯೂ ಸಲ್ಲುವ, ರಸಾಯನದಲ್ಲಿಯೂ ಸಲ್ಲುವ ಮಾತಾಗಿರುವುದು ನಮ್ಮ ಭಾಗ್ಯ.)

ಚಿನ್ನವು ಸುಲಭವಾಗಿ ಯಾವ ಧಾತುವಿನೊಡನೆಯೂ ಸಂಯೋಗ ಹೊಂದುವುದಿಲ್ಲ. ನಿಸರ್ಗದಲ್ಲಿ ಅದು ಕೂಡುವ ಕೆಲವೇ ಧಾತುಗಳಲ್ಲಿ ಟೆಲ್ಯುರಿಯಂ ಮುಖ್ಯವಾದುದು. ಟ್ರಾನ್ಸಿಲ್ವೇನಿಯದ ಚಿನ್ನದ ಅದಿರೊಂದನ್ನು 1782ರಲ್ಲಿ ಪರೀಕ್ಷಿಸಿದ ಮ್ಯೂಲರ್ ಫಾನ್ ರೈಖೆನ್‌ಸ್ಟೈನನು ಅದರೊಳಗಿನ ಅಪರಿಚಿತ ವಸ್ತುವನ್ನು ‘ಸಮಸ್ಯೆಯ ಲೋಹ’ವೆಂದು ಕರೆದನು. 1798ರಲ್ಲಿ ಜರ್ಮನಿಯ ಕ್ಲಾಪ್ರೋಟನು ಅದಕ್ಕೆ ‘ಟೆಲ್ಯುರಿಯಂ’ ಎಂದು ನಾಮಕರಣ ಮಾಡಿ, ಶೋಧದ ಗೌರವವನ್ನು ಮ್ಯೂಲರನಿಗೇ ಬಿಟ್ಟುಕೊಟ್ಟನು. ಲ್ಯಾಟಿನ್ನಿನ ‘ಟೆಲ್ಲುಸ್’ ಎಂದರೆ ಪೃಥ್ವಿ. ಇದೇ ಕ್ಲಾಪ್ರೋಟನು 1789ರಲ್ಲಿ ಯುರೇನಸ್ ಗ್ರಹದ ಹೆಸರಿನಿಂದ ಯುರೇನಿಯಂ ಶಬ್ದವನ್ನು ರಚಿಸಿದ್ದನು. ಮುಂದೆ 1817ರಲ್ಲಿ ಟೆಲ್ಯುರಿಯಂನ ಸಹೋದರನಂತಿರುವ ಧಾತುವೊಂದು ದೊರೆತಾಗ, ಪೃಥ್ವಿಗೆ ಜೊತೆಯಾಗಲೆಂದು ಬರ್ಜೆಲಿಯಸನು ಗ್ರೀಕಿನ ಚಂದ್ರವಾಚಕದಿಂದ ‘ಸೆಲೆನಿಯಂ’ ಎಂದು ಹೆಸರಿಟ್ಟನು.

ಇನ್ನು ಪ್ರತ್ಯಯದ ವಿಚಾರ. ‘ಐಡ್’ ಎಂಬುದು 1787ರ ಫ್ರೆಂಚ್ ನಾಮಕರಣ ಪದ್ಧತಿಯ ‘ಆಕ್ಸೈಡ್’ ಶಬ್ದದಿಂದ ಬೇರ್ಪಟ್ಟು ಸ್ವತಂತ್ರ ಪ್ರತ್ಯಯವಾಯಿತು. ಟೆಲ್ಯುರಿಯಂ ಲೋಹದೊಡನೆ ನೇರವಾಗಿ ಕೂಡಿದರೆ ಟೆಲ್ಯುರೈಡ್. ನಡುವೆ ಆಮ್ಲಜನಕ ಬಂದರೆ ಟೆಲ್ಯುರೈಟ್. ಆಮ್ಲಜನಕ ಇನ್ನೂ ಹೆಚ್ಚಿದರೆ ಟೆಲ್ಯುರೇಟ್. ಪ್ರಕೃತಿ ಒಂದೇ, ಪ್ರತ್ಯಯ ಭೇದದಿಂದ ವಸ್ತುಭೇದ. ಚಿನ್ನದ ಟೆಲ್ಯುರೈಡಾದ ಕ್ಯಾಲಾವರೈಟ್ ಖನಿಜದ ತೂಕದಲ್ಲಿ ನೂರಕ್ಕೆ ಸುಮಾರು 44 ಪಾಲು ಚಿನ್ನವೇ ಇದ್ದರೂ ನೋಟಕ್ಕೆ ಅದು ಹಿತ್ತಾಳೆಯ ಛಾಯೆಯ, ಬೆಲೆಯಿಲ್ಲದ ಕಲ್ಲಿನಂತೆ ತೋರುತ್ತದೆ. 1890ರ ದಶಕದಲ್ಲಿ ಆಸ್ಟ್ರೇಲಿಯದ ಕಾಲ್ಗೂರ್ಲಿಯಲ್ಲಿ ಇಂತಹ ಅದಿರನ್ನು ಕಸವೆಂದು ರಸ್ತೆಗೆ ಹಾಸಿದರೆಂದೂ, ನಿಜ ತಿಳಿದ ಮೇಲೆ ಅದನ್ನೇ ಅಗೆದು ತೆಗೆದರೆಂದೂ ಹೇಳುತ್ತಾರೆ. ಇಂದು ಕ್ಯಾಡ್ಮಿಯಂ ಟೆಲ್ಯುರೈಡ್ ಸೌರಫಲಕಗಳಲ್ಲಿ ಬಳಕೆಯಲ್ಲಿದೆ.

ಕನ್ನಡ ಲಿಪಿಯಲ್ಲಿ ಟೆಲ್ಯುರೈಡ್, ಟೆಲ್ಯುರೈಟ್‌ಗಳ ನಡುವಣ ಅಂತರ ಡಕಾರ–ಟಕಾರಗಳಷ್ಟೇ. ಅಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ಇಲ್ಲದ ಆಮ್ಲಜನಕ ವಸ್ತುವಿನೊಳಗೆ ಸೇರಿಬಿಡುತ್ತದೆ. ಸಾಲದುದಕ್ಕೆ, ಟೆಲ್ಯುರಿಯಂನ ಆಕ್ಸೈಡೇ ಆದ ಖನಿಜವೊಂದಕ್ಕೂ ಟೆಲ್ಯುರೈಟ್ ಎಂದೇ ಹೆಸರು. ಅಲ್ಲಿಯ ‘ಐಟ್’ ಲವಣವನ್ನಲ್ಲ, ಶಿಲೆಯನ್ನು ಸೂಚಿಸುತ್ತದೆ.